ಒಳಮೂಲೆಯ ಹೆಂಚು ಎಲ್ಲಿ ಸಾರ್?

ಎರಡು ವರ್ಷದ ಹಿಂದೆ ನನ್ನ ಮೊದಲ ಅಸೆಟ್ ಪ್ಯಾಕ್ ಮಾರಾಟಕ್ಕಿಟ್ಟೆ. ಗೇಮ್ ಮಾಡುವವರು ಕೊಂಡು ತಮ್ಮ ಗೇಮ್‌ನಲ್ಲಿ ಬಳಸಿಕೊಳ್ಳುವ ಪಿಕ್ಸೆಲ್ ಚಿತ್ರಗಳ, ಅಂದರೆ ಚುಕ್ಕಿ ಚುಕ್ಕಿ ಜೋಡಿಸಿ ಬರೆದ ಚಿತ್ರಗಳ ಕಟ್ಟು. ವಿಷಯ ಮಲೆನಾಡಿನ ತೊಟ್ಟಿ ಮನೆ. ತುಳಸಿ ಕಟ್ಟೆ, ಅಡಿಕೆ ಮರ, ಹಂಡೆ, ಒರಳು, ಕೊಟ್ಟಿಗೆ, ದಣಪೆ, ಎಲ್ಲ ಸೇರಿ 200ಕ್ಕೂ ಜಾಸ್ತಿ ಚಿತ್ರ. ಹಂಡೆಯ ಮಸಿಗೇ ಒಂದು ಇಡೀ ಸಂಜೆ ಕೂತಿದ್ದೆ. ಕೊಂಡವರು 11 ಜನ. ಅದರಲ್ಲಿ ಇಬ್ಬರು ನನ್ನ ಸ್ನೇಹಿತರು.

ಹನ್ನೊಂದರಲ್ಲಿ ಒಬ್ಬರು ಮೆಸೇಜ್ ಮಾಡಿದರು: ಚಿತ್ರ ತುಂಬಾ ಚೆನ್ನಾಗಿದೆ ಸಾರ್, ಆದರೆ ಒಳಮೂಲೆಯ ಹೆಂಚು ಎಲ್ಲಿ?

ಇರಲಿಲ್ಲ. ತೊಟ್ಟಿ ಮನೆ ಅಂದರೇನು? ನಾಲ್ಕೂ ಕಡೆಯ ಮಾಡು ನಡುವಿನ ಅಂಗಳಕ್ಕೆ ಇಳಿಯುವ ಮನೆ. ಅಲ್ಲಿ ಎರಡು ಮಾಡು ಸೇರುವ ಒಳಮೂಲೆಗಳೇ ನಾಲ್ಕು. ನಾನು ನೇರ ಹೆಂಚು ಬರೆದಿದ್ದೆ, ಹೊರಮೂಲೆ ಬರೆದಿದ್ದೆ. ತೊಟ್ಟಿ ಮನೆಯ ಪ್ಯಾಕ್ ಕೊಂಡವರು ಅದರಿಂದ ತೊಟ್ಟಿ ಮನೆಯೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕಟ್ಟಬಹುದಿತ್ತು.

ನನ್ನ ತಪ್ಪು ತಿಳಿದದ್ದು ಆಗಲೇ. ನಾನು ಚಿತ್ರ ಮಾರುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಕೊಳ್ಳುತ್ತಿದ್ದದ್ದು ಕಟ್ಟುವ ಸಾಮಾನು. ಹಂಡೆ ನೋಡಿ ಖುಷಿಪಡುತ್ತಾರೆ, ನಿಜ. ಆದರೆ ನೂರು ಸಲ ಬಳಸುವುದು ನೆಲ, ಗೋಡೆ, ಅಂಚು, ಮೂಲೆ. ಬರೆಯೋಕೆ ಬೇಜಾರು ಬರುವ ತುಂಡುಗಳೇ ಎಲ್ಲ.

ಈ ಬೇಜಾರಿಗೆ ಲೆಕ್ಕವೂ ಇದೆ. ಹುಲ್ಲು ಮತ್ತು ಕೆಮ್ಮಣ್ಣು ಸೇರುವ ನೆಲ ತಗೊಳ್ಳಿ. ಒಂದು ಹುಲ್ಲಿನ ಚೌಕದ ಸುತ್ತ ಎಂಟು ಚೌಕ. ಪ್ರತಿಯೊಂದೂ ಹುಲ್ಲಾಗಿರಬಹುದು, ಮಣ್ಣಾಗಿರಬಹುದು, ಅಂದರೆ 256 ಬಗೆ. ಆದರೆ ಮೂಲೆಯ ಚೌಕಕ್ಕೆ ಅರ್ಥ ಬರುವುದು ಅದರ ಎರಡೂ ಪಕ್ಕದವು ಹುಲ್ಲಾಗಿದ್ದಾಗ ಮಾತ್ರ. ಹಾಗೆ ಸೋಸಿದರೆ ಉಳಿಯುವುದು 47. ಈ 47 ತುಂಡು ಇದ್ದರೆ ಗೊಡೋ ಥರದ ಗೇಮ್ ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) ತಾನೇ ಅಂಚುಗಳನ್ನು ಹೊಂದಿಸಿಕೊಳ್ಳುತ್ತದೆ. ಒಂದು ತುಂಡು ಕಮ್ಮಿಯಾದರೂ ಮ್ಯಾಪ್‌ನಲ್ಲಿ ಎಲ್ಲೋ ಒಂದು ಕಡೆ ಹುಲ್ಲು ಕತ್ತರಿಸಿದ ಹಾಗೆ ಕಾಣುತ್ತದೆ, ಕೊಂಡವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಇನ್ನು ಹೊಂದಾಣಿಕೆಯ ಮಾತು. ನಮ್ಮನೆ ದಸರಾ ಬೊಂಬೆ ಸಾಲಿನಲ್ಲಿ ಶೆಟ್ಟಿ ಆನೆಗಿಂತ ದೊಡ್ಡವನು, ಅವನ ಅಂಗಡಿಯ ಕುಂಬಳಕಾಯಿ ಪಕ್ಕದ ಕುದುರೆಯಷ್ಟಿದೆ. ಮನೆಯಲ್ಲಿ ಅದೇ ಚೆಂದ. ನನ್ನ ಪ್ಯಾಕೂ ಹಾಗೇ ಇತ್ತು ನೋಡಿ! ಮನೆ 16 ಪಿಕ್ಸೆಲ್ ಚೌಕದ ಲೆಕ್ಕದಲ್ಲಿ, ಹಸು 32ರ ಲೆಕ್ಕದಲ್ಲಿ. ಹಸುವನ್ನು ಅರ್ಧಕ್ಕೆ ಇಳಿಸಿ ಪಕ್ಕದಲ್ಲಿ ನಿಲ್ಲಿಸಿದೆ. ಅಳತೆ ಸರಿಹೋಯಿತು, ಆದರೆ ಹಸುವಿನ ಚುಕ್ಕಿ ಸಣ್ಣದು, ಗೋಡೆಯ ಚುಕ್ಕಿ ದಪ್ಪ. ಹಸು ಬೇರೆ ಗೇಮ್‌ನಿಂದ ತಪ್ಪಿಸಿಕೊಂಡು ಬಂದ ಹಾಗಿತ್ತು. ಬಣ್ಣದ ಕಥೆಯೂ ಅಷ್ಟೇ. ದಿನಕ್ಕೊಂದು ಹಸಿರು ಆರಿಸುತ್ತಾ ಹೋಗಿ, ಕೊನೆಗೆ ಎಣಿಸಿದರೆ 90 ಬಣ್ಣ.

ಈಗ ಮೊದಲೇ 24 ಬಣ್ಣ ಕಟ್ಟಿಕೊಂಡು ಕೂರುತ್ತೇನೆ. ಬೆಳಕು ಎಡಗಡೆ ಮೇಲಿಂದ, ನೆರಳು ನೀಲಿ ಕಡೆಗೆ ವಾಲಬೇಕು, ಚುಕ್ಕಿ ಎಲ್ಲೂ ಹಿಗ್ಗಬಾರದು. ಒಂದು ಹಾಳೆಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ.

ಕಾಲವೂ ಹೊಂದಬೇಕು. ಇದು ಹೊಳೆದದ್ದು ತಡವಾಗಿ. ಒಬ್ಬರು ಕೆಳದಿ ಅರಸರ ಕಾಲದ ಗೇಮ್‌ಗೆ ನನ್ನ ಮನೆ ಬಳಸಬಹುದಾ ಅಂತ ಕೇಳಿದರು. ಬೇಡ ಅಂದೆ, ನಾನು ಬರೆದದ್ದು ಮಂಗಳೂರು ಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಕೆಳದಿ ರಾಜ್ಯ 1763ಕ್ಕೇ ಮುಗಿದಿತ್ತು. ಅವರಿಗೆ ಬೇಕಾದದ್ದು ಅಡಿಕೆ ಸೋಗೆಯ ಮಾಡು. ಒಂದು ಮಾರಾಟ ತಪ್ಪಿತು, ಆದರೆ ಎರಡನೇ ಪ್ಯಾಕ್‌ನ ವಿಷಯ ಸಿಕ್ಕಿತು.

ದುಡ್ಡಿನ ವಿಷಯ ಕೇಳುವವರಿಗೆ: ಮಾರಿದ ದುಡ್ಡಿನಲ್ಲಿ ಯೂನಿಟಿ ಅಸೆಟ್ ಸ್ಟೋರ್ 30% ಹಿಡಿಯುತ್ತದೆ, ಎಪಿಕ್‌ನ ಫ್ಯಾಬ್ 12%. ಇಚ್ ಅನ್ನುವ ಮಾರಾಟದ ಸೈಟ್‌ನಲ್ಲಿ ಅವರ ಪಾಲು ಎಷ್ಟು ಅಂತ ನಾವೇ ಹೇಳಬಹುದು. ಇನ್ನೊಂದು ಕಡೆ ನೆದರ್ಲೆಂಡ್ಸ್‌ನ ಕೆನ್ನಿ ಅನ್ನುವವರು ಸಾವಿರಾರು ಅಸೆಟ್‌ಗಳನ್ನು ಸಿಸಿ-0 ಲೈಸೆನ್ಸ್‌ನಲ್ಲಿ, ಅಂದರೆ ಯಾರು ಹೇಗೆ ಬೇಕಾದರೂ ಬಳಸಬಹುದು ಅಂತ, ಪುಕ್ಕಟೆ ಕೊಡುತ್ತಾರೆ, ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದುವಂಥವು. ಅದರ ಮುಂದೆ ನನ್ನ ಮರ, ನನ್ನ ಬಂಡೆಗೆ ಯಾರು ಕಾಸು ಕೊಡುತ್ತಾರೆ? ದಣಪೆಗೆ ಕೊಡಬಹುದು, ಸೋಗೆ ಮಾಡಿಗೆ ಕೊಡಬಹುದು. ಅದೂ ಮೂಲೆ ಸರಿ ಇದ್ದರೆ.

ಎರಡನೆಯದಕ್ಕೆ ಮೊದಲು ಬರೆದದ್ದು ಒಂದೇ ಚಿತ್ರ: ಗೇಮ್ ಮುಗಿದ ಮೇಲೆ ಪರದೆ ಹೇಗೆ ಕಾಣಬೇಕೋ ಹಾಗೆ, ಮಳೆ ನಿಂತ ಅಂಗಳ. ಅದನ್ನು ಚೌಕ ಚೌಕವಾಗಿ ಕತ್ತರಿಸಿ, ಯಾವ ತುಂಡು ಎಷ್ಟು ಬಗೆ ಬೇಕು ಅಂತ ಪಟ್ಟಿ ಮಾಡಿದೆ. 138 ತುಂಡು ಬಂತು. ಆಮೇಲೆ ಅದೇ ತುಂಡುಗಳಿಂದ ಮೊದಲ ಚಿತ್ರದಲ್ಲಿ ಇಲ್ಲದ ಇನ್ನೊಂದು ಮನೆ ಕಟ್ಟಿ ನೋಡಿದೆ. ಕಟ್ಟೋಕಾಗಲಿಲ್ಲ, ಬೇಲಿ ಕೊನೆಯಾಗುವ ತುಂಡೇ ಇರಲಿಲ್ಲ. ಈಗ 139. ಹಂಡೆ ಇನ್ನೂ ಬರೆದಿಲ್ಲ.