ಹತ್ತಕ್ಕೆ ಎಂಟು ತೆಗೆದ ರಟ್ಟು

ನ್ಯೂಜೆರ್ಸಿಯಲ್ಲಿ ನಮ್ಮ ಮನೆ ಹತ್ತಿರದ ಸ್ಪೋರ್ಟ್ಸ್ ಕಾರ್ಡ್ ಅಂಗಡಿಗೆ ಶನಿವಾರ ಹೋದರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹೈಸ್ಕೂಲಿನ ನೋಟಿಸ್ ಬೋರ್ಡಿನ ಮುಂದೆ ನಿಂತ ಹಾಗಾಗುತ್ತದೆ. ಐವತ್ತು ದಾಟಿದ, ಹೊಟ್ಟೆ ಬಂದ ಗಂಡಸರು ಉಗುರು ಕಚ್ಚುತ್ತಿರುತ್ತಾರೆ. "ಎಷ್ಟು ಬಂತು?" "ಒಂಬತ್ತು." "ಅಯ್ಯೋ ಪಾಪ!"

ಬಂದದ್ದು ರಟ್ಟಿನ ಚೂರಿಗೆ. ಬೇಸ್‌ಬಾಲ್ ಆಟಗಾರನ ಚಿತ್ರವಿರುವ ಕಾರ್ಡನ್ನು ಪಿಎಸ್ಎ ಎಂಬ ಸಂಸ್ಥೆಗೆ ಕಳಿಸಬೇಕು, ಶುಲ್ಕ ಕಟ್ಟಬೇಕು. ಅಲ್ಲಿ ನಾಲ್ಕು ಮೂಲೆ, ಅಂಚು, ಮೈ ಎಲ್ಲ ನೋಡಿ, ಚಿತ್ರ ನಟ್ಟನಡುವೆ ಕೂತಿದೆಯೇ ಎಂದು ಅಳೆದು ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡುತ್ತಾರೆ. ಅದಕ್ಕೆ 'ಸ್ಲ್ಯಾಬ್' ಅನ್ನುತ್ತಾರೆ. ಒಳಗೆ ಸೇರಿದ ಕಾರ್ಡು ಅಲ್ಲಿಗೆ ಮಡಿ. ಯಾರೂ ಮುಟ್ಟುವ ಹಾಗಿಲ್ಲ. ಅಂಕ ಏರಿದರೆ ಬೆಲೆಯೂ ಏರುತ್ತದೆ, ಹಾಗಾಗಿ ಒಂಬತ್ತು ಬಂದವರು ಸುಮ್ಮನಿರುವುದಿಲ್ಲ. ಪೆಟ್ಟಿಗೆ ಒಡೆದು ಅದೇ ಕಾರ್ಡನ್ನು ಮರುಮೌಲ್ಯಮಾಪನಕ್ಕೆ ಕಳಿಸುತ್ತಾರೆ. ಕೆಲವೊಮ್ಮೆ ಹತ್ತು ಬರುವುದೂ ಉಂಟು! 2021ರಲ್ಲಿ ಉತ್ತರಪತ್ರಿಕೆಗಳ ರಾಶಿ ಎಷ್ಟು ಬೆಳೆಯಿತೆಂದರೆ, ಸಂಸ್ಥೆ ಬಹುಪಾಲು ಅರ್ಜಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಸ್ಕಾನ್ಸಿನ್‌ನ ಟಾರ್ಗೆಟ್ ಮಳಿಗೆಯೊಂದರ ಪಾರ್ಕಿಂಗ್‌ನಲ್ಲಿ ಕಾರ್ಡಿಗಾಗಿ ಹೊಡೆದಾಟವಾಗಿ, ಪೆಟ್ಟು ತಿಂದವನು ಪಿಸ್ತೂಲು ತೆಗೆದ. ಮಳಿಗೆಯವರು ಕಾರ್ಡಿನ ಸಹವಾಸವೇ ಬೇಡವೆಂದು ಕೆಲ ಕಾಲ ಮಾರಾಟ ಬಿಟ್ಟರು. ಗ್ರಂಧಿಗೆ ಅಂಗಡಿಗೆ ಮುಗಿಬೀಳುವ ಶ್ರಾವಣದ ಜನ ಇವರ ಮುಂದೆ ಸಂತರು.

ಇನ್ನು ಈ ಪರೀಕ್ಷೆಯ ಮೊಟ್ಟಮೊದಲ ವಿದ್ಯಾರ್ಥಿಯ ಕಥೆ. 1909ರಿಂದ 1911ರವರೆಗೆ ಸಿಗರೇಟಿನ ಪ್ಯಾಕಿನಲ್ಲಿ ಬರುತ್ತಿದ್ದ ಸರಣಿಗೆ ಸೇರಿದ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಒಂದು ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ದಿಗ್ಗಜ ವೇನ್ ಗ್ರೆಟ್ಸ್‌ಕಿ ಇನ್ನೊಬ್ಬರ ಜೊತೆ ಸೇರಿ 4,51,000 ಡಾಲರಿಗೆ ಕೊಂಡರು. ಅದೇ ವರ್ಷ ಹುಟ್ಟಿದ ಪಿಎಸ್ಎ ಮೊದಲ ಅಂಕ ಕೊಟ್ಟದ್ದು ಅದಕ್ಕೇ: ಹತ್ತಕ್ಕೆ ಎಂಟು. ಎಂಬತ್ತು ವರ್ಷದ ಮುದುಕನಿಗೆ ಇಷ್ಟು ಚೂಪಾದ ಅಂಚು ಹೇಗೆ? 2013ರಲ್ಲಿ ಉತ್ತರ ಸಿಕ್ಕಿತು. ಹಿಂದೆ ಅದನ್ನು ಮಾರಿದ್ದ ಹರಾಜುದಾರ ಬಿಲ್ ಮಾಸ್ಟ್ರೋ, ಅಂಚು ಕತ್ತರಿಸಿದ್ದು ನಾನೇ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಅಂದರೆ ಈ ಬೋರ್ಡಿನ ನಂಬರ್ ಒನ್ ವಿದ್ಯಾರ್ಥಿಯೇ ಕಾಪಿ ಹೊಡೆದು ಪಾಸಾದವನು. ನಮ್ಮೂರಲ್ಲಾದರೆ ಡಿಬಾರ್ ಮಾಡುತ್ತಿದ್ದರು. ಇಲ್ಲಿ ಅವನು ಇನ್ನಷ್ಟು ಪ್ರಸಿದ್ಧನಾದ.

ಬೆಲೆ ಹುಟ್ಟುವ ಬಗೆಯೂ ಸೊಗಸು. ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಕಾರ್ಡೂ ಇದ್ದ, ಟಾಪ್ಸ್ ಕಂಪನಿಯ 1952ರ ಸರಣಿ ಬಿಕರಿಯಾಗದೆ ಗೋದಾಮಿನಲ್ಲಿ ಕೊಳೆಯುತ್ತಿತ್ತು. ಪೆಟ್ಟಿಗೆಗಟ್ಟಲೆ ಕಾರ್ಡುಗಳನ್ನು ದೋಣಿಗೆ ತುಂಬಿಸಿ, ಇದೇ ನಮ್ಮ ನ್ಯೂಜೆರ್ಸಿಯ ಆಚೆ ಅಟ್ಲಾಂಟಿಕ್‌ಗೆ ಸುರಿಸಿದೆ ಎಂದು ಕಂಪನಿಯ ಸೈ ಬರ್ಗರ್ ಹೇಳಿಕೊಳ್ಳುತ್ತಿದ್ದರು. ಮುಳುಗದೆ ಉಳಿದ ಒಂದು ಮ್ಯಾಂಟಲ್ 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಬೇರೊಂದು ಬೋರ್ಡು ಅದಕ್ಕೆ ಕೊಟ್ಟ ಅಂಕ 9.5. ಉಳಿದರ್ಧ ಸಮುದ್ರಕ್ಕೇ ಬಿದ್ದಿರಬೇಕು.

ಉಳಿದವುಗಳ ಬೆಲೆ ಏರಿಸಿದವರು ಅಮೆರಿಕದ ಅಮ್ಮಂದಿರು. ಮಗ ಕಾಲೇಜಿಗೆ ಹೋದೊಡನೆ ಕಾರ್ಡಿನ ಡಬ್ಬ ಕಸಕ್ಕೆ. ಹಾಗಾಗಿ ಕಾರ್ಡು ಅಪರೂಪ, ಅಪರೂಪವಾದ್ದರಿಂದ ದುಬಾರಿ. ಈ ಗುಟ್ಟು ತಿಳಿದ ಮೇಲೆ 1980ರ ದಶಕದ ಕೊನೆಗೆ ಎಲ್ಲರೂ ಎಲ್ಲವನ್ನೂ ಜೋಪಾನ ಮಾಡಿದರು, ಕಂಪನಿಗಳೂ ಹಗಲಿರುಳು ಮುದ್ರಿಸಿದವು. ಆ ಕಾಲದ ಕಾರ್ಡುಗಳಿಂದ ಈಗ ಗ್ಯಾರೇಜುಗಳು ತುಂಬಿವೆ. ಹೆಚ್ಚಿನವಕ್ಕೆ ಒಲೆ ಹಚ್ಚುವ ಯೋಗ್ಯತೆಯೂ ಇಲ್ಲ.

ಅಂಗಡಿಯ ಮೂಲೆಯಲ್ಲಿ 'ಬ್ರೇಕ್' ನಡೆಯುತ್ತಿರುತ್ತದೆ. ನೀವು ಒಂದು ತಂಡದ ಹೆಸರಿಗೆ ದುಡ್ಡು ಕಟ್ಟುತ್ತೀರಿ, ಕ್ಯಾಮೆರಾ ಮುಂದೆ ಒಬ್ಬ ಡಬ್ಬ ಒಡೆಯುತ್ತಾನೆ, ನಿಮ್ಮ ತಂಡದ ಕಾರ್ಡು ಬಂದರೆ ನಿಮ್ಮದು. ಮಟ್ಕಾ ಎಂದರೆ ಪೊಲೀಸರು ಬರುತ್ತಾರೆ, ಬ್ರೇಕ್ ಎಂದರೆ ಹವ್ಯಾಸ.

ಕಾರ್ಡೇ ಆಗಬೇಕೆಂದೂ ಇಲ್ಲ. 2025ರ ಮಾರ್ಚಿನಲ್ಲಿ ಪೋಕೆಮಾನ್ ಕಾರ್ಟೂನಿನ ಚಾರಿಜಾರ್ಡ್ ಎಂಬ ಪ್ರಾಣಿಯ ಆಕಾರಕ್ಕೆ ಸೊಟ್ಟಗಾದ ಒಂದು ಚೀಟೋಸ್ ಕುರುಕಲನ್ನು ಕಾರ್ಡಿನ ಮೇಲೆ ಅಂಟಿಸಿ, ಪಾರದರ್ಶಕ ಪೆಟ್ಟಿಗೆಯಲ್ಲಿ ಕೂರಿಸಿ ಹರಾಜಿಗಿಟ್ಟರು. 87,840 ಡಾಲರ್! ಅಜ್ಜಿ ಕರಿದ ಚಕ್ಕುಲಿಗಳಲ್ಲಿ ಎಷ್ಟು ಚಾರಿಜಾರ್ಡ್‌ಗಳನ್ನು ನಾನು ಕಾಫಿಯ ಜೊತೆ ನುಂಗಿದೆನೋ.

ಹೊಟ್ಟೆಕಿಚ್ಚು ತಡೆಯದೆ, ನನ್ನ ಬಾಲ್ಯದಲ್ಲಿ ಬಬಲ್‌ಗಮ್ ಜೊತೆ ಬಂದಿದ್ದ ಕಪಿಲ್ ದೇವ್ ಕಾರ್ಡನ್ನು ತಿಪಟೂರಿನ ಟ್ರಂಕಿನಿಂದ ತರಿಸಿ ಅಂಗಡಿಯವನ ಮುಂದಿಟ್ಟೆ. ಅವನು ಕೈಗವಸು ಹಾಕಿ, ಭೂತಗನ್ನಡಿ ಹಿಡಿದು, ಹಿಂಬದಿ ತಿರುಗಿಸಿದವನೇ ಉಸಿರು ಬಿಗಿಹಿಡಿದ. ನೀಲಿ ಶಾಯಿಯ ಬರಹ! "ಇದು ಆಟಗಾರನ ಸಹಿಯೇ?"

"ಅಲ್ಲ, ನಂದೇ. 'ಇದನ್ನು ಕದ್ದವನು ಕತ್ತೆ, ಏಳನೇ ಬಿ ಸೆಕ್ಷನ್' ಅಂತ ಬರೆದಿದ್ದೇನೆ."

ಅವನು ಕೈಗವಸು ಬಿಚ್ಚಿಟ್ಟ.