ಮೊಲಕ್ಕೂ ಕೋಳಿಗೂ ಒಂದೇ ಗೂಡು ಬೇಡ

ಮೈಸೂರಿನ ಬೋಗಾದಿಯಲ್ಲಿರುವ ನನ್ನ ಮೈದುನ ಮೊನ್ನೆ ಫೋನ್ ಮಾಡಿದ್ದ. "ಅತ್ತಿಗೆ, ಮಗಳು ಮೊಲ ಬೇಕು ಅಂತ ಹಟ ಹಿಡಿದಿದ್ದಾಳೆ. ಹೆಂಗೂ ತಾರಸಿ ಮೇಲೆ ಕೋಳಿ ಗೂಡು ಇದೆಯಲ್ಲ, ಅದರಲ್ಲೇ ಬಿಟ್ಟರೆ ಆಗಲ್ವಾ?" ಅಂದ. ಬೇಡ ಕಣಪ್ಪ ಅಂದೆ. ಫೋನಿನಲ್ಲಿ ಎಲ್ಲ ಹೇಳೋಕೆ ಆಗಲಿಲ್ಲ. ಬೇರೆಯವರೂ ಇದನ್ನೇ ಕೇಳುತ್ತಿರುತ್ತಾರೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮಂಡ್ಯದ ಹತ್ತಿರ ನಮ್ಮ ಮನೆ ಹಿತ್ತಲಲ್ಲಿ ನಾನೂ ಹಾಗೇ ಮಾಡಿದ್ದೆ. ಐದು ನಾಟಿ ಹೇಟೆ, ಒಂದು ಹುಂಜ ಇದ್ದವು. ಅದೇ ಗೂಡಿಗೆ ಒಂದು ಜೊತೆ ಬಿಳಿ ಮೊಲ ತಂದು ಬಿಟ್ಟೆವು. ಮಾರಿದವರು "ಏನೂ ಆಗಲ್ಲಮ್ಮ, ಹೊಂದಿಕೊಳ್ಳುತ್ತವೆ" ಅಂದಿದ್ದರು. ಹಗಲು ಹೊತ್ತು ನೋಡಿದರೆ ಹಾಗೇ ಕಾಣುತ್ತಿತ್ತು. ಕೋಳಿ ಕೆದಕುತ್ತಿದ್ದರೆ ಮೊಲ ಪಕ್ಕದಲ್ಲೇ ಕಾಲು ಚಾಚಿ ಮಲಗಿರುತ್ತಿತ್ತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ.

ತೊಂದರೆ ಇದ್ದದ್ದು ರಾತ್ರಿ. ಕತ್ತಲಾದರೆ ಕೋಳಿಗಳು ಮೇಲಿನ ಕೋಲು ಹತ್ತಿ ಕೂರುತ್ತವೆ. ಮೊಲ ನೆಲದಲ್ಲಿ. ರಾತ್ರಿಯಿಡೀ ಹಿಕ್ಕೆ ಬೀಳುವುದು ಮೊಲದ ಮೈಮೇಲೆ, ಅದು ತಿನ್ನುವ ಹುಲ್ಲಿನ ಮೇಲೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ನಾವು ನಿಂತುಕೊಂಡು ಬಾಗಿಲು ತೆಗೆದರೆ ಆ ಘಾಟು ಅಷ್ಟಾಗಿ ಗೊತ್ತಾಗಲ್ಲ. ಮೊಲ ಮಲಗುವ ಮಟ್ಟಕ್ಕೆ ಮುಖ ಬಗ್ಗಿಸಿ ನೋಡಿ, ಕಣ್ಣು ಉರಿಯುತ್ತದೆ. ನಮ್ಮ ಹೆಣ್ಣು ಮೊಲದ ಕಣ್ಣಲ್ಲಿ ಮೊದಲು ನೀರು ಬಂತು, ಆಮೇಲೆ ಸೀನು. ಪಶುವೈದ್ಯರು ಅದರ ಮುಂಗಾಲಿನ ಒಳಬದಿ ತೋರಿಸಿದರು. ಮೂಗು ಒರೆಸಿ ಒರೆಸಿ ಅಲ್ಲಿನ ಕೂದಲು ಅಂಟಾಗಿತ್ತು. ಎಷ್ಟೋ ದಿನದಿಂದ ಹಾಗಿತ್ತು, ನಾನು ನೋಡಿರಲಿಲ್ಲ.

ನನಗೆ ಈಗಲೂ ಸಂಕಟ ಆಗುವುದು ಇದಕ್ಕೇ. ಕೋಳಿಗೆ ಏನಾದರೂ ಆದರೆ ಇಡೀ ಬೀದಿಗೆ ಕೇಳುತ್ತದೆ. ಮೊಲ ಕೂಗುವುದಿಲ್ಲ. ಹುಷಾರಿಲ್ಲದಿದ್ದರೆ ಅದನ್ನು ಮುಚ್ಚಿಟ್ಟುಕೊಳ್ಳುವುದೇ ಅದರ ಸ್ವಭಾವ. ಬೇಟೆಗೆ ಸಿಗುವ ಪ್ರಾಣಿ ಅಲ್ವಾ. ಸುಮ್ನೆ ಕೂತಿದೆ ಅಂದರೆ ಹೊಂದಿಕೊಂಡಿದೆ ಅಂತ ಅಲ್ಲ.

ರೋಗದ ವಿಷಯದಲ್ಲಿ ಒಂದು ಮಾತು. ಕೋಳಿಯ ರಕ್ತಭೇದಿ ಮೊಲಕ್ಕೂ ಅಂಟುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ನಿಜವಲ್ಲ. ಆ ರೋಗ ತರುವ ಐಮೀರಿಯಾ ಜೀವಿ ಕೋಳಿಗೆ ಬೇರೆ, ಮೊಲಕ್ಕೆ ಬೇರೆ. ಆದರೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಎರಡಕ್ಕೂ ಬರುತ್ತದೆ. ಮೊಲಕ್ಕೆ ನೆಗಡಿ ತರುವ ಪಾಶ್ಚುರೆಲ್ಲಾ, ಕೋಳಿಗೆ ಕಾಲರಾ ತರುವ ಪಾಶ್ಚುರೆಲ್ಲಾ ಎರಡೂ ಒಂದೇ ಜಾತಿಯ ಬ್ಯಾಕ್ಟೀರಿಯಾ.

ಇನ್ನು ಆಹಾರ. ಒಂದೇ ಗೂಡಾದರೆ ಯಾರ ತಟ್ಟೆಗೆ ಯಾರು ಬಾಯಿ ಹಾಕುತ್ತಾರೆ ಅಂತ ಕಾಯೋಕಾಗಲ್ಲ. ಮೊಟ್ಟೆ ಕೋಳಿಗೆ ಹಾಕುವ ಪುಡಿ ಫೀಡು, ಅಂದರೆ ಮ್ಯಾಶ್‌ನಲ್ಲಿ, ಚಿಪ್ಪು ಗಟ್ಟಿಯಾಗಲಿ ಅಂತ ಸುಮಾರು ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಹಾಕಿರುತ್ತಾರೆ. ಮೊಲದ ಮೈ ತಿಂದ ಕ್ಯಾಲ್ಸಿಯಂನಲ್ಲಿ ಬಹುಪಾಲನ್ನು ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೂತ್ರ ಸುಣ್ಣದ ನೀರಿನಂತೆ ಮಂದವಾಗಿ, ಕೊನೆಗೆ ಕಲ್ಲು ಕಟ್ಟಬಹುದು. ಕಾಳು, ನುಚ್ಚು ಜಾಸ್ತಿಯಾದರೆ ಹೊಟ್ಟೆಯೂ ಕೆಡುತ್ತದೆ, ಅದಕ್ಕೆ ಬೇಕಾದ್ದು ನಾರು. ಇದಕ್ಕಿಂತ ಅಪಾಯದ್ದು ಮರಿಕೋಳಿ, ಬ್ರಾಯ್ಲರ್ ಫೀಡು. ಕೆಲವಕ್ಕೆ ರಕ್ತಭೇದಿ ತಡೆಯಲು ಸಲಿನೋಮೈಸಿನ್ ಥರದ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಔಷಧಿ, ಮೊಲಕ್ಕೆ ವಿಷ. ಚೀಲದ ಮೇಲಿನ ಚೀಟಿ ಓದಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮ ಕಡೆ ಹಿಪ್ಪುನೇರಳೆ ಸೊಪ್ಪಿಗೆ ಬರವಿಲ್ಲ. ಔಷಧಿ ಹೊಡೆಯದ ಸೊಪ್ಪು, ಗರಿಕೆ, ಒಣಹುಲ್ಲು, ಇಷ್ಟು ಸಾಕು ಮೊಲಕ್ಕೆ.

ಮರಿಗಳ ವಿಷಯ ಬರೆಯುವುದು ಕಷ್ಟ. ಗಂಡು ಹೆಣ್ಣು ಒಟ್ಟಿಗಿದ್ದರೆ ಮರಿ ಆಗೇ ಆಗುತ್ತದೆ. ಗಬ್ಬ ಕಟ್ಟಿದ ಮೇಲೆ 30ರಿಂದ 32 ದಿನ, ಅಷ್ಟೇ. ಹೆಣ್ಣು ಮೊಲ ತನ್ನ ಹೊಟ್ಟೆಯ ಕೂದಲು ಕಿತ್ತು ಹಾಸಿ ಮರಿ ಹಾಕಿತ್ತು. ಮರಿಗಳಿಗೆ ಹುಟ್ಟಿದಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆಯೋಕೆ ಹತ್ತು ಹನ್ನೆರಡು ದಿನ ಬೇಕು. ತಾಯಿ ಹಾಲು ಕೊಡುವುದು ದಿನಕ್ಕೆ ಒಂದೆರಡು ಸಲ, ಉಳಿದ ಹೊತ್ತು ದೂರವೇ ಇರುತ್ತದೆ. ಗುಲಾಬಿ ಬಣ್ಣದ ಏನೋ ಅಲುಗಾಡಿದರೆ ಕೋಳಿ ಕುಕ್ಕುತ್ತದೆ. ಬೆಳಿಗ್ಗೆ ನಾನು ನೋಡುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಕೋಳಿಯದ್ದು ತಪ್ಪಲ್ಲ. ಗೂಡು ಕಟ್ಟಿಸಿದವಳು ನಾನು.

ಈಗ ನಮ್ಮಲ್ಲಿ ಎರಡು ಗೂಡು. ಮೊಲದ್ದು ಬೇವಿನ ಮರದ ಕೆಳಗೆ, ನೆಲದಿಂದ ಎರಡಡಿ ಮೇಲೆ, ಮೇಲೆ ಕಬ್ಬಿನ ತರಗು ಹೊದಿಸಿದ್ದೇವೆ. ಗಂಡು ಮೊಲವನ್ನು ಬೇರೆ ಖಾನೆಯಲ್ಲಿ ಇಟ್ಟಿದ್ದೇವೆ. ಸಂಜೆ ನಾನು ಹಿತ್ತಲಲ್ಲಿ ಇರುವಷ್ಟು ಹೊತ್ತು ಹೆಣ್ಣು ಮೊಲವನ್ನು ಕೋಳಿಗಳ ಜೊತೆ ಬಿಡುತ್ತೇನೆ. ಅಷ್ಟಕ್ಕೆ ನನ್ನ ತಕರಾರಿಲ್ಲ. ಓಡೋಕೆ ಜಾಗ ಇದೆ, ಕುಕ್ಕೋಕೆ ಬಂದರೆ ತಪ್ಪಿಸಿಕೊಳ್ಳುತ್ತದೆ. ಗೂಡಿನೊಳಗೆ ಎಲ್ಲಿಗೆ ಹೋಗಬೇಕು ಅದು?

ಮೈದುನನ ತಾರಸಿಗೆ ಶೀಟಿನ ಚಾವಣಿ. ಮೊಲಕ್ಕೆ ಬೆವರುವುದಕ್ಕೆ ಬರಲ್ಲ, ಏಪ್ರಿಲ್ ಬಿಸಿಲಿಗೆ ಅಲ್ಲಿ ಅದು ಉಳಿಯುವುದಿಲ್ಲ. ಕೆಳಗೆ ಮೆಟ್ಟಿಲ ಪಕ್ಕ ನೆರಳಿನ ಜಾಗ ಇದೆಯಂತೆ. ಅಲ್ಲಿ ಮೊಲಕ್ಕೇ ಅಂತ ಗೂಡು ಕಟ್ಟಿಸುವುದಾದರೆ ಮಾತ್ರ ಮಗಳನ್ನು ಕರೆದುಕೊಂಡು ಬಾ, ನಾನೇ ಒಂದು ಜೊತೆ ಹೆಣ್ಣು ಮರಿ ಕೊಡುತ್ತೇನೆ ಅಂದಿದ್ದೇನೆ. ಭಾನುವಾರ ಬಡಗಿಯನ್ನು ಕರೆಸಿ ಅಳತೆ ಹಿಡಿಸುತ್ತಾನಂತೆ.