ನೂರು ಡಾಲರು ಕೊಟ್ಟು ಹೊಗೆ ಕುಡಿದ ಕಥೆ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ‘ಎಲ್ಲಿ ಉಳಿಯುವುದು?’ ಎಂದು ಕೇಳಿದಾಗಲೆಲ್ಲ ನಾನು ರೂಸ್‌ವೆಲ್ಟ್ ಲಾಡ್ಜಿನ ‘ರಫ್‌ರೈಡರ್’ ಕ್ಯಾಬಿನ್ನುಗಳ ಹೆಸರು ಹೇಳುತ್ತೇನೆ. ಹೋಗಿ ಬಂದವರಲ್ಲಿ ಅರ್ಧ ಮಂದಿ ನನ್ನನ್ನು ಬೈದಿದ್ದಾರೆ. ಕೋಣೆಗೆ ಸೇರಿದ ಬಚ್ಚಲಿಲ್ಲ, ಶೌಚಾಲಯವಿಲ್ಲ, ಟಿವಿ ಇಲ್ಲ, ವೈಫೈ ಇಲ್ಲ. ಮಂಚ, ಒಂದು ದೀಪ, ಚಳಿಗೆ ಒಂದು ಕಬ್ಬಿಣದ ಒಲೆ, ಅಷ್ಟೆ. ‘ಇದಕ್ಕೆ ನೂರಕ್ಕೂ ಹೆಚ್ಚು ಡಾಲರ್ ಕೊಡಬೇಕಿತ್ತೇ?’ ಎನ್ನುವ ಅವರ ಸಿಟ್ಟು ಅನ್ಯಾಯದ್ದೇನಲ್ಲ. ಆದರೂ ಆ ಕೋಣೆಗಳು ಹೀಗೆಯೇ ಇರಲಿ ಎನ್ನುವ ಪಕ್ಷ ನನ್ನದು. ಹಾಗೆನ್ನಲು ಕಾರಣ ಮಾತ್ರ ಎಲ್ಲರೂ ಹೇಳುವ ‘ಸರಳ ಬದುಕು’ ಅಲ್ಲ. ಆ ಭ್ರಮೆಯನ್ನು ನಮ್ಮ ಅಮ್ಮ ಒಂದೇ ರಾತ್ರಿಯಲ್ಲಿ ಬಿಡಿಸಿದರು.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ, ಕೊಪ್ಪದಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಡೆನ್ವರಿನಿಂದ ಇಡೀ ದಿನದ ದಾರಿ. ತಲುಪುವಾಗ ಕತ್ತಲಾಗಿತ್ತು. ಜೂನ್ ಎಂದರೂ ಸ್ವೆಟರಿನ ಮೇಲೆ ಶಾಲು ಹೊದೆಯುವಷ್ಟು ಚಳಿ. ಒಲೆಯ ಪಕ್ಕದಲ್ಲಿ ಎರಡು ಕೊರಡು ಇಟ್ಟಿದ್ದರು. ಕೊರಡು ಎಂದರೆ ಸೌದೆಯಲ್ಲ, ಮರದ ಹೊಟ್ಟನ್ನು ಒತ್ತಿ ಮಾಡಿದ ಉರುಳೆ. ನನ್ನ ಗಂಡ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ಯೂಟ್ಯೂಬ್ ನೋಡಿ ಕಲಿಯೋಣವೆಂದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಅರ್ಧ ಗಂಟೆ ಒದ್ದಾಡಿ ಅರ್ಧ ಪೊಟ್ಟಣ ಬೆಂಕಿಕಡ್ಡಿ ಮುಗಿಸಿದರು. ಬೆಂಕಿ ಹತ್ತಲಿಲ್ಲ, ಕೋಣೆಯ ತುಂಬ ಹೊಗೆ.

ಅಷ್ಟು ಹೊತ್ತೂ ಅಮ್ಮ ಮಂಚದ ಮೇಲೆ ಸುಮ್ಮನೆ ಕುಳಿತು ನೋಡುತ್ತಿದ್ದರು. ಅಳಿಯನ ಕೆಲಸಕ್ಕೆ ಬಾಯಿ ಹಾಕಬಾರದೆಂಬ ಸಂಕೋಚ. ಕೊನೆಗೆ ಕಣ್ಣುರಿ ತಡೆಯಲಾರದೆ ಎದ್ದು ಬಂದು ಆ ಉರುಳೆಯನ್ನು ಉಗುರಿನಿಂದ ಕೆರೆದು ನೋಡಿದರು.

“ಇದು ನಮ್ಮ ಹೊಟ್ಟಿನ ಒಲೆಯ ಹೊಟ್ಟೇ ಮಾರಾಯ್ತಿ!”

ಹೊಟ್ಟಿನ ಒಲೆ ಎಷ್ಟು ಜನರಿಗೆ ನೆನಪಿದೆಯೋ. ತಗಡಿನ ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತಲೂ ಸಾಮಿಲ್ಲಿನಿಂದ ತಂದ ಹೊಟ್ಟನ್ನು ಗಟ್ಟಿಯಾಗಿ ಜಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತ ಮೇಲೆತ್ತಬೇಕು. ಉಳಿದ ತೂತೇ ಗಾಳಿಯ ದಾರಿ. ಸಡಿಲವಾಗಿ ಜಡಿದರೆ ಅನ್ನ ಬೇಯುವ ಮೊದಲೇ ಒಳಗೆ ಕುಸಿಯುತ್ತದೆ. ಈ ಲೆಕ್ಕವೆಲ್ಲ ಅಮ್ಮನ ಕೈಯಲ್ಲಿತ್ತು. ಹೊಗೆಕೊಳವೆಯ ಹಿಡಿ ಅಡ್ಡವಾಗಿ ಮುಚ್ಚಿಕೊಂಡಿದ್ದನ್ನು ಮೊದಲು ಕಂಡವರೂ ಅವರೇ. ಅದನ್ನು ತಿರುಗಿಸಿದರು. ಉರುಳೆಯ ಒಂದು ತುದಿ ಎತ್ತರಕ್ಕಿರುವಂತೆ ಓರೆಯಾಗಿ ಇಟ್ಟು, ದಿನಸಿ ತಂದಿದ್ದ ಕಾಗದದ ಚೀಲವನ್ನು ಹರಿದು ಹುರಿ ಮಾಡಿ ಕೆಳಗೆ ತುರುಕಿದರು. ಐದೇ ನಿಮಿಷ. ಒಲೆ ಗುಂಯ್ ಎನ್ನತೊಡಗಿತು.

ನಾವು ಚಪ್ಪಾಳೆ ತಟ್ಟಿದೆವು. ಅಮ್ಮನಿಗೆ ಅದೇನೂ ಹಿತವಾಗಲಿಲ್ಲ. “ಇದನ್ನು ಬಿಟ್ಟು ಗ್ಯಾಸ್ ತರಲು ನಾನು ಹದಿನೆಂಟು ವರ್ಷ ಕಾದಿದ್ದೆ. ನೀವು ದುಡ್ಡು ಕೊಟ್ಟು ಹುಡುಕಿಕೊಂಡು ಬಂದಿದ್ದೀರಿ” ಎಂದರು.

ಹಾಗಾಗಿ ಇಂಥ ಕೋಣೆಗಳನ್ನು ಯಾರಾದರೂ ‘ಹಳೆಯ ಕಾಲದ ನೆಮ್ಮದಿ’ ಎಂದು ಹೊಗಳಿದರೆ ನನಗೀಗ ನಗು ಬರುತ್ತದೆ. ನೆಮ್ಮದಿ ಯಾರಿಗಿತ್ತು? ಒಲೆಯ ಮುಂದೆ ಕೆಮ್ಮುತ್ತಿದ್ದವರಿಗಂತೂ ಅಲ್ಲ. ಇಲ್ಲಿ ಕಷ್ಟವೂ ಇಲ್ಲ ಅನ್ನಿ. ಎಲ್ಲರಿಗೂ ಸೇರಿದ ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು, ಅದನ್ನು ತೊಳೆಯಲು ಬೇರೆ ಜನ. ಹೆಸರು ಕೂಡ ಅರ್ಧ ನಾಟಕವೇ. ರಫ್ ರೈಡರ್ಸ್ ಎಂದರೆ ಸ್ಪೇನ್ ವಿರುದ್ಧದ 1898ರ ಯುದ್ಧದಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟರ ಜೊತೆಗಿದ್ದ ಕುದುರೆ ಪಡೆ. ರೂಸ್‌ವೆಲ್ಟರು 1903ರಲ್ಲಿ ಈ ಉದ್ಯಾನಕ್ಕೆ ಬಂದು ಬಿಡಾರ ಹೂಡಿದ್ದು ನಿಜ. ಆದರೆ ಲಾಡ್ಜ್ ಬಾಗಿಲು ತೆರೆದದ್ದು 1920ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಮತ್ತೇಕೆ ಆ ಕೋಣೆಗಳ ಪರ? ಮರುದಿನ ಬೆಳಗ್ಗೆ ಐದೂವರೆಗೆ ಅಮ್ಮ ಬಾಗಿಲು ತೆರೆದು, ಹಾಗೆಯೇ ಮುಚ್ಚಿದರು. “ಹೊರಗೆ ಕಾಟಿ ಮಲಗಿದೆ” ಎಂದರು. ಕಾಟಿ ಎಂದರೆ ನಮ್ಮ ಕಡೆಯ ಕಾಡುಕೋಣ; ಅಲ್ಲಿದ್ದದ್ದು ಅದರ ಅಮೆರಿಕದ ನೆಂಟ ಬೈಸನ್. ನಮ್ಮ ಕ್ಯಾಬಿನ್ನಿಗೂ ಶೌಚಾಲಯಕ್ಕೂ ನಡುವೆ ಒಂದು ಗಂಡು ಬೈಸನ್ ಕಾಲು ಮಡಚಿ ಮಲಗಿತ್ತು. ಬೆನ್ನ ಮೇಲೆ ಇಬ್ಬನಿ, ಮೂಗಿನಿಂದ ಹಬೆ. ಬೈಸನ್ನಿನಿಂದ ಕನಿಷ್ಠ 25 ಗಜ ದೂರವಿರಬೇಕು ಎಂಬುದು ಅಲ್ಲಿಯ ನಿಯಮ. ಕರಡಿ, ತೋಳಗಳಾದರೆ 100 ಗಜ. ನಮಗಿದ್ದದ್ದು ಹೆಚ್ಚೆಂದರೆ ಹತ್ತು. ಮೂವರೂ ಕಿಟಕಿಗೆ ಮುಖ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು, ಮುಕ್ಕಾಲು ಗಂಟೆ ನಿಂತೆವು. ಅದು ಮೆಲುಕು ಹಾಕುವುದನ್ನು, ಕಿವಿಯ ಹತ್ತಿರ ಒಂದು ಹಕ್ಕಿ ಬಂದು ಕುಳಿತದ್ದನ್ನು ನೋಡಿದೆವು. ಕೊಪ್ಪದಲ್ಲಿ ಕಾಟಿ ಎಂದರೆ ತೋಟ ಹಾಳು ಮಾಡುವ ಪ್ರಾಣಿ. ಅದನ್ನು ಅಷ್ಟು ಹೊತ್ತು ಕಣ್ಣಿಟ್ಟು ನೋಡಿದ್ದು ಇದೇ ಮೊದಲು ಎಂದರು ಅಮ್ಮ. ಕೋಣೆಯೊಳಗೇ ಬಚ್ಚಲಿದ್ದಿದ್ದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಸ್ನಾನಕ್ಕೆ ಹೋಗುತ್ತಿದ್ದೆವು.

ನಮ್ಮೂರಿನ ಕಾಡಂಚಿನ ರೆಸಾರ್ಟುಗಳ ಜಾಹೀರಾತುಗಳಲ್ಲಿ ಮೊದಲು ಕಾಣುವುದು ಈಜುಕೊಳ. ಕಾಡಿಗೆ ಹೋಗಿಯೂ ಕಾಡಿನ ಗೊಡವೆಯೇ ಬೇಡ ಎನ್ನುವವರಿಗೆ ಜಾಗಕ್ಕೇನು ಬರ? ಮೊಣಕಾಲು ನೋವಿನವರು, ಚಿಕ್ಕ ಮಕ್ಕಳಿರುವವರು ಅದೇ ಲಾಡ್ಜಿನಲ್ಲಿ ಬಚ್ಚಲಿರುವ ‘ಫ್ರಾಂಟಿಯರ್’ ಕ್ಯಾಬಿನ್ ಹಿಡಿಯಲಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುವ ಉದ್ಯಾನದಲ್ಲಿ ಬೇಸಿಗೆಯ ಮೂರು ತಿಂಗಳಷ್ಟೇ ತೆರೆದಿರುವ ಈ ಕೆಲವು ಕೋಣೆಗಳನ್ನೂ ಹೋಟೆಲು ಮಾಡಿ ಎಂದು ವಿಮರ್ಶೆ ಬರೆದು ಒಂದು ನಕ್ಷತ್ರ ಕೊಡಬೇಡಿ.

ಅದೇ ದಿನ ಮಧ್ಯಾಹ್ನ ಅಮ್ಮನಿಗೆ ಓಲ್ಡ್ ಫೇಯ್ತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆ ತೋರಿಸಿದೆವು. ಸುತ್ತ ಸೇರಿದ್ದ ನೂರಾರು ಜನ ಮೊಬೈಲು ಎತ್ತಿ ಹಿಡಿದಿದ್ದರು. ಕುದಿನೀರು ಬುಸುಗುಟ್ಟುತ್ತ ತೆಂಗಿನಮರವನ್ನೂ ಮೀರಿಸಿ ಚಿಮ್ಮಿತು. ಅಮ್ಮ ತಲೆಯೆತ್ತಿ ನೋಡುತ್ತ ನಿಂತವರು, ಅದು ಅಡಗಿದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಒಂದು ತುಂಡು ಸೌದೆಯಿಲ್ಲದೆ ಇಷ್ಟು ನೀರು ಕಾಯುತ್ತದಲ್ಲೇ!”